ಬೆಂಕಿ ತೋರಿಸಿದ ಬಳೆ

ಯಾರ ಮನೆಗೆ ಹೋದರೂ ಕೂರುವ ಮೊದಲು ನಾನು ತಲೆ ಎತ್ತಿ ನೋಡುತ್ತೇನೆ. ಮೇಲೆ ಫ್ಯಾನು ತಿರುಗುತ್ತಿದೆಯೋ, ತೂಗುಮಣೆಯ ಸರಪಳಿ ಇದೆಯೋ, ಗೋಡೆಗೆ ಭಾರದ ಕಪಾಟು ಬಿಗಿದಿದ್ದಾರೋ ನೋಡಿ, ಅದರ ಕೆಳಗಿನಿಂದ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಮನೆಯವರು ಮುದುಕನ ಚಾಳಿ ಎಂದು ನಗುತ್ತಾರೆ. ತೊಟ್ಟಿಲು ಕಟ್ಟಿದ ಮನೆಯಲ್ಲಾದರೆ ನಾನು ಊಟಕ್ಕೇ ಕೂರುವುದಿಲ್ಲ. ಆಗ ಯಾರೂ ನಗುವುದಿಲ್ಲ, ಮಾತು ಬದಲಿಸುತ್ತಾರೆ.

ಈಗ ಈ ಕೆಲಸಕ್ಕೆ ಬರುವ ಹುಡುಗರ ಕೈಯಲ್ಲಿ ಕರೆಂಟಿನ ಡ್ರಿಲ್ಲು ಇರುತ್ತದೆ. ತೂತು ಕೊರೆದು, ಒಳಗೆ ಹೋಗಿ ಅರಳುವ ಬೋಲ್ಟನ್ನು ಬಡಿದು, ಬೀಡಿ ಹಚ್ಚುವಷ್ಟರಲ್ಲಿ ಕೆಲಸ ಮುಗಿಸುತ್ತಾರೆ. ನಮ್ಮ ಕಾಲದಲ್ಲಿ ಕಾಂಕ್ರೀಟಿನಲ್ಲಿ ಒಂದು ತೂತು ಅಂದರೆ ಅರ್ಧ ದಿನದ ಮಾತು. ನಕ್ಷತ್ರದ ಮೊನೆಯ ಉಳಿ ಹಿಡಿದು, ಒಂದೊಂದು ಏಟಿಗೂ ಅದನ್ನು ಇಷ್ಟಿಷ್ಟೇ ತಿರುಗಿಸುತ್ತ ಕೊರೆಯಬೇಕು. ಒಳಗಿನ ಪುಡಿಯನ್ನು ಜೋಳದ ದಂಟಿನ ಕೊಳವೆಯಿಂದ ಊದಿ ತೆಗೆಯಬೇಕು. ಊದಿದವನ ಹುಬ್ಬೆಲ್ಲ ಬೆಳ್ಳಗಾಗುತ್ತಿತ್ತು. ಆದರೂ ಪುಡಿ ಉಳಿದ ತೂತಿನಲ್ಲಿ ಯಾವ ಬೋಲ್ಟೂ ನಿಲ್ಲುವುದಿಲ್ಲ ಎಂಬ ಮಾತು ಅಂದಿಗೂ ನಿಜ, ಇಂದಿಗೂ ನಿಜ. ಈಗಿನವರು ಊದುವುದಿಲ್ಲ. ಅದಕ್ಕೇ ನಾನು ಕುರ್ಚಿ ಎಳೆದುಕೊಳ್ಳುತ್ತೇನೆ.

ಹೈದರಾಬಾದಿನಲ್ಲಿ ಓದು ಮುಗಿಸಿ ನಾನು ರಾಯಚೂರಿಗೆ ಬಂದಾಗ ಎರಡನೆಯ ಮಹಾಯುದ್ಧ ನಡೆದಿತ್ತು. ಮನೆ ಕಟ್ಟಿಸಿಕೊಡುವ ಒಬ್ಬ ಗುತ್ತೇದಾರರ ಬಳಿ ಓವರ್ಸಿಯರ್ ಆಗಿ ಸೇರಿದೆ. ನನ್ನ ಮೇಲೆ ಒಬ್ಬ ಇಂಜಿನಿಯರ್ ಸಾಹೇಬರಿದ್ದರು. ಇಸ್ತ್ರಿ ಮಾಡಿದ ಶೇರ್ವಾನಿ, ಜೇಬಿನಲ್ಲಿ ಗಡಿಯಾರ. ಕೆಲಸ ಬಲ್ಲವರು, ಸುಳ್ಳು ಹೇಳಬಾರದು. ಆದರೆ ಅವರಿಗೆ ಮನೆಯ ಯಜಮಾನರೊಡನೆ ಮನಸ್ತಾಪ ಆಗಬಾರದು. ಯಜಮಾನರು ಏನು ಹೇಳಿದರೂ ಅದಕ್ಕೆ ತಕ್ಕ ಲೆಕ್ಕ ಅವರ ಬಾಯಲ್ಲಿ ತಯಾರಿರುತ್ತಿತ್ತು.

ಕೊಕ್ಕೆ, ಬಳೆ, ಬೋಲ್ಟು ಕೂಡಿಸುವ ಕೆಲಸಕ್ಕೆ ತಾಯಪ್ಪ ಎಂಬವನಿದ್ದ. ಊರ ಹೊರಗಿನ ಕೇರಿಯವನು, ಎತ್ತರದ ಆಳು, ಬಾಯಿ ಜೋರು. ಅವನದೊಂದು ಪದ್ಧತಿ ಇತ್ತು. ಏನೇ ಕೂಡಿಸಲಿ, ಮನೆಯವರನ್ನು ಕರೆದು ಅವರೆದುರಿಗೆ ತಾನೇ ಅದಕ್ಕೆ ಜೋತುಬಿದ್ದು ಕಾಲು ಮಡಚಿ ತೂಗಿ ತೋರಿಸುತ್ತಿದ್ದ. ರಾಯಚೂರಿನಲ್ಲಿ ಒಬ್ಬ ವಕೀಲರ ಮನೆಗೆ ಪುಸ್ತಕದ ಹಲಗೆ ಕೂಡಿಸಲು ಹೋಗಿದ್ದೆವು. ಅದಕ್ಕಿಂತ ಮೊದಲು ಬೇರೆ ಯಾರೋ ಗೋಡೆಯ ತೂತಿಗೆ ಹಸಿ ಬೇವಿನ ಕಟ್ಟಿಗೆಯ ಗುಟ್ಟ ಬಡಿದು ಅದಕ್ಕೆ ಮೊಳೆ ಹೊಡೆದಿದ್ದರು. ಬೇಸಿಗೆಗೆ ಗುಟ್ಟ ಒಣಗಿ ಸೊರಗಿತು, ಕಾನೂನೆಲ್ಲ ನೆಲಕ್ಕೆ ಬಿತ್ತು. ನಾವು ಒಣಗಿದ ತೇಗದ ಗುಟ್ಟ ಹಾಕಿ ಬಿಗಿದೆವು. ತಾಯಪ್ಪ ಹಲಗೆಗೆ ಜೋತುಬಿದ್ದ. ವಕೀಲರಿಗೆ ಸಿಟ್ಟು.

"ಲೇ ತಾಯಪ್ಪ, ಅದರ ಮ್ಯಾಲ ಪುಸ್ತಕ ಇಡ್ತೀನಿ, ನಿನ್ನ ಇಡಂಗಿಲ್ಲ."

"ಪುಸ್ತಕ ನನ್ನಕಿಂತ ಭಾರ ಇರ್ತಾವಂತ್ರೀ. ನನಗೇನ್ ಗೊತ್ತು, ನಾ ಒಂದೂ ಎತ್ತಿಲ್ಲ."

ವಕೀಲರು ನಕ್ಕರು. ನಾವು ಹೊರಗೆ ಬಂದ ಮೇಲೆ ಹಲಗೆಗೆ ನೀರು ಹಾಕಿ ತೊಳೆಸಿದ ಸದ್ದು ಕೇಳಿತು. ತಾಯಪ್ಪ ಉಳಿ ಚೀಲ ಹೆಗಲಿಗೆ ಏರಿಸಿ, "ಹಸಿ ಆದ್ರ ಗುಟ್ಟ ಬಿಗಿ ಆಗ್ತದ ಬಿಡ್ರಿ, ಚಲೋ ಆತು" ಅಂದ. ಆ ದಿನ ನಾನೂ ನಕ್ಕಿದ್ದೆ. ಕೂಡಿಸಿದ ಮೇಲೆ ಮನೆಯವರು ಅದಕ್ಕೆ ಏನು ಮಾಡುತ್ತಾರೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಾನ್ವಿಯಲ್ಲಿ ವೀರಭದ್ರಪ್ಪ ಎಂಬ ಶೇಂಗಾ ವ್ಯಾಪಾರಿ ಹೊಸ ಮನೆ ಕಟ್ಟಿಸಿದರು. ಊರಲ್ಲಿ ಕಾಂಕ್ರೀಟು ಹಾಕಿದ ಮನೆ ಅದೇ ಮೊದಲು ಎಂದು ಜನ ನೋಡಲು ಬರುತ್ತಿದ್ದರು. ಹಳೆಯ ಮನೆಗಳಲ್ಲಿ ಮರದ ತೊಲೆ ಇರುತ್ತಿದ್ದವು, ತೊಟ್ಟಿಲಿಗೆ ಜಾಗ ಹುಡುಕಬೇಕಾಗಿರಲಿಲ್ಲ. ಇಲ್ಲಿ ಮೇಲೆ ನುಣ್ಣನೆಯ ಛಾವಣಿ. ಸ್ಲ್ಯಾಬು ಹಾಕುವಾಗಲೇ ಕೊಕ್ಕೆ ಇಟ್ಟಿದ್ದರೆ ಎಲ್ಲ ಸರಿಯಾಗುತ್ತಿತ್ತು. ನಕ್ಷೆ ಬರೆಯುವಾಗ ಸಾಹೇಬರು ಯಜಮಾನರನ್ನು ಕೇಳಿದ್ದರು, ಯಜಮಾನರು ಗೋದಾಮಿನ ಬಾಗಿಲ ಅಗಲ ಹೇಳಿದ್ದರು. ಹೆಂಗಸರನ್ನು ಯಾರೂ ಕೇಳಲಿಲ್ಲ. ಗೃಹಪ್ರವೇಶ ಮಾಡಿ ದೇವರನ್ನು ಕೂಡಿಸಿದ ಮೇಲೆ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು, ಗಂಡು ಹುಟ್ಟಿತು. ಹೆಸರಿಡುವ ದಿನ ಹತ್ತಿರ ಬಂದಾಗ ಯಜಮಾನರ ತಾಯಿ ಗೌರಮ್ಮ ಮೇಲೆ ನೋಡಿ, "ತೊಟ್ಲ ಎಲ್ಲಿ ಕಟ್ಟೂದು" ಎಂದು ಕೇಳಿದರಂತೆ. ನಮಗೆ ಕರೆ ಬಂತು.

ನಾನು ಹೇಳಿದ ಉಪಾಯ ಸರಳವಾದದ್ದು. ಪಡಸಾಲೆಯ ಎರಡೂ ಗೋಡೆಗಳ ಮೇಲ್ಭಾಗದಲ್ಲಿ ಕಾಂಕ್ರೀಟಿನ ಪಟ್ಟಿ ಇತ್ತು. ಎದುರುಬದುರಾಗಿ ಎರಡು ಕಬ್ಬಿಣದ ಬಳೆ ಕೂಡಿಸಿ, ಅವುಗಳಲ್ಲಿ ತೇಗದ ತೊಲೆ ತೂರಿಸಿ, ನಡುವೆ ತೊಟ್ಟಿಲು ಕಟ್ಟುವುದು. ಬಳೆಯ ಬಾಲ ಗೋಡೆಯ ಆಚೆ ಹೋಗಿ, ಅಲ್ಲಿ ತಗಡು ಇಟ್ಟು ನಟ್ಟು ಬಿಗಿಯಬೇಕು. ನಮ್ಮ ಮಾತಿನಲ್ಲಿ ಅದು ಆರ್‌ಪಾರ್ ಬೋಲ್ಟು. ಅದು ಕಿತ್ತು ಬರಬೇಕಾದರೆ ಗೋಡೆಯೇ ಬರಬೇಕು. ಒಂದು ಕಡೆ ಕಟ್ಟೆಯ ಗೋಡೆ, ಆಚೆ ಬಯಲು. ಅಲ್ಲಿ ತಕರಾರು ಇರಲಿಲ್ಲ. ಇನ್ನೊಂದು ಗೋಡೆಯ ಆಚೆ ದೇವರ ಮನೆ.

"ದೇವರ ತಲಿ ಮ್ಯಾಲ ತೂತಾ?" ವೀರಭದ್ರಪ್ಪ ಕೇಳಿದರು. "ಮತ್ತ ಆ ನಟ್ಟು ಬಿಗಿಯೋರು ಯಾರು? ಇಂವ ಒಳಗ ಹೋಗ್ತಾನೇನು?"

ತಾಯಪ್ಪ ಅಂಗಳದಲ್ಲಿ ನಿಂತಿದ್ದ. ಕೇಳದವನ ಹಾಗೆ ಉಳಿ ಮಸೆಯುತ್ತಿದ್ದ.

"ನಾನ ಬಿಗೀತೀನ್ರೀ," ಅಂದೆ. "ಸ್ನಾನ ಮಾಡಿ, ಮಡಿ ಉಟ್ಟು ಒಳಗ ಹೋಗ್ತೀನಿ."

"ತೂತು ಬೀಳೂದಂತೂ ಬೀಳ್ತದಲ್ಲ."

ಸಾಹೇಬರು ನಡುವೆ ಬಂದರು. "ಬ್ಯಾಡ್ರಿ ಸಾವ್ಕಾರ್ರ. ಆ ಕಡಿ ಗಂಧಕ ಹಾಕೂಣು. ಕಲ್ಲಿನಂಗ ಹಿಡೀತದ."

ಗಂಧಕ ಕೆಟ್ಟದ್ದಲ್ಲ, ಅದನ್ನೂ ಹೇಳಬೇಕು. ತೂತನ್ನು ಒಳಗೆ ಅಗಲ, ಹೊರಗೆ ಕಿರಿದು ಕೊರೆದು, ಮುಳ್ಳು ಎಬ್ಬಿಸಿದ ಬೋಲ್ಟನ್ನು ಇಟ್ಟು, ಬಾಯಿಗೆ ಮಣ್ಣಿನ ಬಟ್ಟಲು ಕಟ್ಟಿ, ಗಂಧಕವನ್ನು ನುಣ್ಣನೆಯ ಮರಳಿನೊಂದಿಗೆ ಕರಗಿಸಿ ಸುರಿದರೆ, ಆರಿದ ಮೇಲೆ ಅದು ಕಲ್ಲಿನ ಮಗ್ಗುಲಿನ ಕಲ್ಲು. ಸಿಮೆಂಟು ತುಂಬಬಹುದಿತ್ತು, ಆದರೆ ಯುದ್ಧದ ಕಾಲದಲ್ಲಿ ಅದಕ್ಕೆ ಪರವಾನಗಿ ಬೇಕು, ಅದು ಬಲಿಯಲು ದಿನಗಳು ಬೇಕು, ಹೆಸರಿಡುವ ದಿನ ಕಾಯುವುದಿಲ್ಲ. ಗಂಧಕಕ್ಕೆ ಒಂದೇ ದೋಷ. ಒಲೆಯ ಮೇಲೆ ಸುಲಭವಾಗಿ ಕರಗುತ್ತದೆ ಎಂಬುದೇ ಅದರ ಅನುಕೂಲ, ಕೂಡಿಸಿದ ಮೇಲೆ ಅದೇ ಅದರ ಅಪಾಯ.

ನಾನು ಸಾಹೇಬರೆದುರಿಗೇ ಯಜಮಾನರಿಗೆ ಹೇಳಿದೆ. "ಈ ಬಳಿ ಹತ್ರ ದೀಪ, ಪಂಜು, ಯಾವ ಬೆಂಕಿನೂ ತರಬ್ಯಾಡ್ರಿ. ಲಾಟೀನು ಸೈತ ತೂಗು ಹಾಕಬ್ಯಾಡ್ರಿ."

ಅವರು ಆಳನ್ನು ಕರೆದು, ಲಾಟೀನು ಕಟ್ಟೆಯ ಕಡೆಗೆ ಹಾಕಲು ಹೇಳಿದರು. ಮಾತು ಕೇಳಿದರು, ಇಲ್ಲ ಅನ್ನಲಾರೆ.

ಕೆಲಸ ಮುಗಿಯಿತು. ತೊಲೆ ತೂರಿಸಿದೆವು. ತಾಯಪ್ಪ ತನ್ನ ಪದ್ಧತಿಯಂತೆ ಎಲ್ಲರನ್ನೂ ಕರೆದ. ಹೆಂಗಸರು ಒಳಬಾಗಿಲಲ್ಲಿ ನಿಂತರು. ಅವನು ಮೊದಲು ದೇವರ ಮನೆ ಕಡೆಯ ಬಳೆಗೆ, ಆಮೇಲೆ ಇನ್ನೊಂದಕ್ಕೆ, ಕೊನೆಗೆ ತೊಲೆಯ ನಡುವೆ ಜೋತುಬಿದ್ದು ಮಕ್ಕಳ ಹಾಗೆ ತೂಗಾಡಿದ. ಏನೂ ಅಲುಗಲಿಲ್ಲ.

"ಸಾಕು ಇಳಿಯೋ ಯಪ್ಪಾ," ಗೌರಮ್ಮ ಅಂದರು. "ಕೂಸಿನ ತೊಟ್ಲದಾಗ ನೀನ ಆಡಿದಿ."

"ಯವ್ವಾ, ನಾಳಿ ನಿಮ್ಮ ಮರಿಮೊಮ್ಮಗ ಎಷ್ಟ ಒದ್ದಾಡಿದ್ರೂ ನನ್ನಷ್ಟು ಒದ್ದಾಡಂಗಿಲ್ಲ. ನಮ್ಮಾಕಿನೂ ಬಸರಿ ಅದಾಳ್ರಿ. ಹೆಸರಿಡೋ ದಿನ ಬರ್ತೀನಿ, ಆಕಿಗಿಷ್ಟು ಗುಗ್ಗರಿ ಕೊಡ್ರಿ."

"ಬಾ, ಹಿತ್ತಲಕಡಿ ಬಾ. ಕೊಡ್ತೀನಿ."

ಆ ಮಾತಿನಲ್ಲಿ ಕೆಡುಕಿರಲಿಲ್ಲ. ಗೌರಮ್ಮ ಕೈ ದೊಡ್ಡ ಹೆಂಗಸು. ಇದನ್ನು ಇಷ್ಟು ವರ್ಷವಾದ ಮೇಲೂ ಹೇಳುತ್ತೇನೆ.

ಹೆಸರಿಡುವ ದಿನ ಸಾಹೇಬರಿಗೂ ನನಗೂ ಊಟದ ಕರೆ ಇತ್ತು. ಪಡಸಾಲೆಗೆ ಕಾಲಿಟ್ಟ ಕೂಡಲೇ ಊದಿನಕಡ್ಡಿಯ ವಾಸನೆಯ ಕೆಳಗೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ಒಟ್ಟಿಗೆ ಗೀರಿದಂತೆ. ತಲೆ ಎತ್ತಿ ನೋಡಿದೆ. ಅಂದಿನಿಂದಲೇ ನನಗೆ ತಲೆ ಎತ್ತಿ ನೋಡುವ ಚಾಳಿ. ದೇವರ ಮನೆ ಕಡೆಯ ಬಳೆಯ ಸುತ್ತ ಬಿಳಿ ಸುಣ್ಣದ ಮೇಲೆ ಮಸಿ. ಬಳೆಯ ಬುಡದಿಂದ ಗೋಡೆಗುಂಟ ಹಳದಿ ಗೆರೆಯೊಂದು ಇಳಿದು, ಮೊಳದಷ್ಟು ಕೆಳಗೆ ಹನಿಯಾಗಿ ಹೆಪ್ಪುಗಟ್ಟಿತ್ತು. ಎದುರಿನ ಬಳೆಗೂ ಮಸಿ ಹಿಡಿದಿತ್ತು, ಆದರೆ ಅದರ ಹಿಂದೆ ನಟ್ಟು ಇತ್ತು.

ಗೌರಮ್ಮನ ಹತ್ತಿರ ಹೋದೆ. "ಯವ್ವಾ, ಇಲ್ಲಿ ಬೆಂಕಿ ಯಾರು ಹಿಡದ್ರು?"

"ಬೆಂಕಿ ಎಲ್ಲಿದಪ್ಪಾ. ಶುದ್ಧಿ ಮಾಡಿಸ್ದೆ. ಅಂವ ಜೋತಾಡಿ ಹ್ವಾದ ಮ್ಯಾಲ ತೊಲಿ ತೊಳಸ್ದೆ. ಕಬ್ಬಣ ತೊಳದ್ರ ಹೋಗಂಗಿಲ್ಲ, ಕಬ್ಬಣಕ್ಕ ಉರಿ ತೋರಸ್ಬೇಕು. ಬಟ್ಟಿ ಸುತ್ತಿ ಎಣ್ಣಿ ಹಾಕಿ, ಬಳಿ ಕೆಂಪಗಾಗೋ ತನ ಹಿಡಸ್ದೆ."

"ಬೆಂಕಿ ತರಬ್ಯಾಡ್ರಿ ಅಂದಿದ್ನೆಲ್ರಿ."

"ಅದು ಬೆಂಕಿ ಅಲ್ಲಪ್ಪಾ, ಶುದ್ಧಿ," ಮುದುಕಿ ತಾಳ್ಮೆಯಿಂದ ನನಗೆ ತಿಳಿಹೇಳಿದರು.

ನಾನು ಸಾಹೇಬರ ಕಡೆ ಓಡಿದೆ. ಅವರು ವೀರಭದ್ರಪ್ಪನ ಮಗ್ಗುಲಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಕಿವಿಯಲ್ಲಿ ಹೇಳಿದೆ. ಅವರು ಬಳೆಯನ್ನು ನೋಡಿದರು, ನೋಡಿದ್ದನ್ನು ನಾನು ಕಂಡೆ. ಮತ್ತೆ ಸುಣ್ಣದ ಡಬ್ಬಿಗೆ ಕೈ ಹಾಕಿದರು.

"ಮತ್ತ ಗಟ್ಟಿ ಆಗಿರ್ತದ. ಶುಭಕಾರ್ಯದಾಗ ಸುಮ್ಮನ ಗದ್ದಲ ಮಾಡಬ್ಯಾಡ್ರಿ."

ಗಟ್ಟಿಯಂತೂ ಆಗಿತ್ತು. ಆದರೆ ಅರ್ಧ ಗೋಡೆಯ ಮೇಲೆ ಗಟ್ಟಿಯಾಗಿತ್ತು, ತೂತಿನೊಳಗೆ ಅಲ್ಲ.

ಅಷ್ಟರಲ್ಲಿ ಹೆಂಗಸರು ತೊಟ್ಟಿಲ ಸುತ್ತ ಸೇರಿದ್ದರು. ನಮ್ಮ ಕಡೆ ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ, ಅಂದರೆ ಕೂಸಿನ ಟೊಪ್ಪಿಗೆ, ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆ ಕಲ್ಲನ್ನು ತೂಗುತ್ತಿರುವಾಗಲೇ ಕೂಸನ್ನು ತೊಟ್ಟಿಲ ಕೆಳಗಿನಿಂದ ಈ ಕಡೆಯವರು ಆ ಕಡೆಯವರಿಗೆ ಕೊಡುತ್ತಾರೆ. ನಾನು ಹೆಂಗಸರ ನಡುವೆ ನುಗ್ಗಿ, "ನಿಲ್ಲಸ್ರಿ, ತೊಟ್ಲ ಬೀಳ್ತದ" ಅಂದೆ.

"ಹೆಸರಿಡೋ ಹೊತ್ತಿನಾಗ ಎಂಥಾ ಮಾತಾಡ್ತಾನ ನೋಡು," ಅಂತ ಒಬ್ಬಾಕೆ. ಇನ್ನೊಬ್ಬಾಕೆ, "ಗಂಡಸರಿಗೇನ ಕೆಲಸ ಇಲ್ಲಿ, ಹೋಗ್ರಿ ಎಲಿಗೆ ಕುಂದರ್ರಿ" ಅಂತ ನಕ್ಕಳು. ಕೂಸಿನ ಸೋದರತ್ತೆ ಶಿವಮ್ಮ ಮಾತ್ರ ನಗಲಿಲ್ಲ. ಕೂಸನ್ನು ಕೆಳಗಿನಿಂದ ತೆಗೆದುಕೊಳ್ಳಲು ಬಗ್ಗಿದ್ದಳು. ನನ್ನ ಮುಖ ನೋಡಿದಳು, ಆಮೇಲೆ ಮೇಲೆ ನೋಡಿದಳು.

ಸದ್ದು ದೊಡ್ಡದಾಗಿರಲಿಲ್ಲ. ಒಣ ಕಡ್ಡಿ ಮುರಿದ ಹಾಗೆ. ಬಳೆ ಗೋಡೆಯಿಂದ ಜಾರಿ ಬಂತು, ತೊಲೆಯ ಒಂದು ತುದಿ ಕೆಳಗಾಯಿತು, ಇನ್ನೊಂದು ತುದಿ ನಟ್ಟು ಇದ್ದ ಬಳೆಯಲ್ಲಿಯೇ ಉಳಿಯಿತು. ತೊಟ್ಟಿಲು ಆ ಇಳಿಜಾರಿನಲ್ಲಿ ಕಲ್ಲು ಸಮೇತ ಶಿವಮ್ಮನ ಕಡೆ ಜಾರಿತು. ಅವಳು ಆಗಷ್ಟೇ ಕೈಗೆ ಬಂದಿದ್ದ ಕೂಸನ್ನು ಅರಿವೆಯ ಗಂಟಿನ ಹಾಗೆ ನನ್ನತ್ತ ನೂಕಿದಳು. ಕೂಸು ನನ್ನ ತೋಳಿಗೆ ಬಂತು. ಅವಳ ಬಲಗೈ ತೊಲೆಯ ಅಡಿಗೆ ಉಳಿಯಿತು.

ನಾನು ಮತ್ತೆ ಮತ್ತೆ ನೋಡುವುದು ಇಷ್ಟನ್ನೇ. ಕೂಸಿನ ತಲೆ ಇದ್ದ ಜಾಗ, ಆಮೇಲೆ ಅದೇ ಜಾಗದಲ್ಲಿ ಕುಂಚಿಗೆ ತೊಟ್ಟ ಕಲ್ಲು. ಕೂಸು ಅಳಲಿಲ್ಲ. ಶಿವಮ್ಮನ ಕೈಯ ಮೂಳೆ ಮುಂದೆ ಕೂಡಿತು, ಆದರೆ ಬೆರಳು ಮತ್ತೆ ಮಡಚಲಿಲ್ಲ.

ತಾಯಪ್ಪ ಹಿತ್ತಲಲ್ಲಿ ಬೇಯಿಸಿದ ಕಾಳಿನ ಗುಗ್ಗರಿಗೆಂದು ಕಾದು ಕೂತಿದ್ದ. ಒಳಗೆ ಏನಾಯಿತೆಂದು ಅವನಿಗೆ ತಿಳಿಯುವ ಮೊದಲೇ ಗೋದಾಮಿನ ಆಳುಗಳು ಅವನನ್ನು ಎಳೆದು ಬಂಡಿಯ ಗಾಲಿಗೆ ಕಟ್ಟಿದರು. ನಾನು ಕೂಸನ್ನು ಯಾರ ಕೈಗೋ ಕೊಟ್ಟು ಹೋಗುವಷ್ಟರಲ್ಲಿ ಅವನ ಬಲ ಹೆಗಲು ಬೇರೆ ಆಕಾರಕ್ಕೆ ಬಂದಿತ್ತು. ನಾನು ಅಡ್ಡ ಬಿದ್ದೆ, ನನ್ನ ಬೆನ್ನಿಗೂ ಒಂದು ಬಿತ್ತು. ಓದಿದವನೆಂದು ಆಮೇಲೆ ನನ್ನ ಕ್ಷಮೆ ಕೇಳಿದರು. ಅವನನ್ನು ಯಾರೂ ಕೇಳಲಿಲ್ಲ.

ಸಾಹೇಬರು ಕಟ್ಟೆಯ ಮೇಲೆ ನಿಂತು ಹೇಳಿದರು, "ಮಿಸ್ತ್ರಿ ಕೆಲಸ ಕಚ್ಚಾ ಆಗ್ಯದ. ಇನ್ನ ಇವನ್ನ ಇಟ್ಕೊಳ್ಳಂಗಿಲ್ಲ."

ಮರುದಿನ ಬೆಳಿಗ್ಗೆ ನಾನು ಒಂದು ಕಾಂಕ್ರೀಟಿನ ತುಂಡು, ಒಂದು ಬೋಲ್ಟು, ಗಂಧಕ ಹಿಡಿದು ವೀರಭದ್ರಪ್ಪನ ಗೋದಾಮಿನ ಅಂಗಳಕ್ಕೆ ಹೋದೆ. ಅವರೆದುರಿಗೇ ಸುರಿದು ಆರಿಸಿದೆ. ಬೋಲ್ಟು ಹಿಡಿದು ಎಳೆಯಲು ಹೇಳಿದೆ. ಇಬ್ಬರು ಹಮಾಲರು ಎಳೆದರು, ತುಂಡೇ ಅವರ ಹಿಂದೆ ಹೋಯಿತು, ಬೋಲ್ಟು ಬರಲಿಲ್ಲ. ಆಮೇಲೆ ಬೋಲ್ಟಿಗೆ ಪಂಜಿನ ಉರಿ ಹಿಡಿದೆ. ಹಳದಿ ನೀರು ಇಳಿಯಿತು. ಆರಲು ಬಿಟ್ಟು, ವೀರಭದ್ರಪ್ಪನ ಕೈಗೇ ಬೋಲ್ಟು ಕೊಟ್ಟೆ. ಅವರು ಎರಡು ಬೆರಳಿನಿಂದ ತಿರುಗಿಸಿದರು, ಸೌತೆಕಾಯಿಯ ತೊಟ್ಟಿನ ಹಾಗೆ ಬಂತು.

ಬೋಲ್ಟಿಗೆ ಅಂಟಿದ್ದ ಹಳದಿಯನ್ನು ಉಗುರಿನಿಂದ ಕೆರೆದು ನೋಡಿದರು. ತಿಳಿಯಿತು ಅವರಿಗೆ. ತಿಳಿಯಲಿಲ್ಲ ಅಂದಿದ್ದರೆ ನನಗೆ ಇಷ್ಟು ಕಹಿ ಇರುತ್ತಿರಲಿಲ್ಲ.

"ಉರಿ ಹಿಡಿಸ್ದಾಕಿ ನಮ್ಮವ್ವ," ಅಂದರು.

"ಹೌದ್ರಿ."

"ಹಡದ ತಾಯಿ ಮ್ಯಾಲ ಹಾಕ್ಲೇನು? ಆಕಿಗೆ ಗೊತ್ತಾದ್ರ ಜೀವಾ ಬಿಡ್ತಾಳ."

"ತಾಯಪ್ಪಂದೂ ಜೀವಾನ ಅಲ್ರೀ."

"ಅಂವಗ ಎಲ್ಲ್ಯಾದ್ರೂ ಕೆಲಸ ಸಿಗ್ತದ ಬಿಡ್ರಿ." ಬೋಲ್ಟನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಆ ದಿನವೇ ದೇವರ ಮನೆಯ ಗೋಡೆಗೆ ಆರ್‌ಪಾರ್ ತೂತು ಕೊರೆಸಿ ನಟ್ಟು ಬಿಗಿಸಿದರೆಂದು ಆಮೇಲೆ ಕೇಳಿದೆ. ದೇವರು ಏನೂ ಅನ್ನಲಿಲ್ಲ.

ಸಾಹೇಬರಿಗೆ ನಾನು ಅಂಗಳದಲ್ಲಿ ಮಾಡಿ ತೋರಿಸಿದ್ದು ತಿಳಿಯಿತು. ಮನೆಗಳ ಕೆಲಸದಿಂದ ತೆಗೆದು ನನ್ನನ್ನು ದೇವದುರ್ಗದ ಕಡೆ ರಸ್ತೆಗೆ ಹಾಕಿದರು. ಮುಂದೆ ನಾನು ಬೇರೆ ಕಡೆ ಸೇರಿದೆ, ಮೇಲೆ ಏರಿದೆ, ಅದು ಬಿಡಿ. ಹೊಸಬರಿಗೆ ನಾನು ಹೇಳುವುದು ಇಷ್ಟು: ಗೋಡೆ ಯಾವುದು, ಭಾರ ಎಷ್ಟು, ಬೋಲ್ಟು ಯಾವುದು ಎಂದು ಕೇಳುತ್ತೀರಿ, ಒಳ್ಳೆಯದು. ಇದನ್ನು ಯಾರು ಮುಟ್ಟಬಹುದು, ಮುಟ್ಟಿದ ಮೇಲೆ ನೀವು ಇದಕ್ಕೆ ಏನು ಮಾಡುತ್ತೀರಿ ಎಂದೂ ಕೇಳಿರಿ. ಅದನ್ನು ಮನೆಯ ಮುದುಕಿಯನ್ನು ಕೇಳಿರಿ, ಯಜಮಾನನನ್ನಲ್ಲ. ಆಚೆ ಬದಿಗೆ ನಟ್ಟು ಹಾಕಲು ಬಿಡದ ಮನೆಯ ಕೆಲಸ ಹಿಡಿಯಬೇಡಿರಿ.

ದೇವದುರ್ಗದ ರಸ್ತೆಯಲ್ಲಿ ಖಡಿ ಒಡೆಯುವವರ ಸಾಲಿನಲ್ಲಿ ತಾಯಪ್ಪ ಕೂತಿದ್ದ. ಮಾನ್ವಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಅವನನ್ನು ಯಾರೂ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಸುದ್ದಿ ಅವನಿಗಿಂತ ಮೊದಲೇ ಊರು ಸೇರುತ್ತಿತ್ತು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕೂತು ಕಲ್ಲು ಒಡೆಯಲು ಅಷ್ಟು ಸಾಕು. ಬಳೆಗೆ ಉರಿ ತೋರಿಸಿದ್ದು ಅವನಿಗೂ ತಿಳಿದಿತ್ತು. ನನ್ನನ್ನು ನೋಡಿ ನಕ್ಕ.

"ಬರ್ರಿ ಸಾಹೇಬ್ರ. ನಿಮ್ಮನ್ನೂ ಶುದ್ಧ ಮಾಡಿ ಕಳಿಸ್ಯಾರೇನು?"

ಅವನ ಹೆಂಡತಿ ಹನುಮವ್ವ ಹಡೆದಿದ್ದಳು, ಹೆಣ್ಣು. ರಸ್ತೆಯ ಪಕ್ಕ ಜೋಪಡಿಯಲ್ಲಿ ಹೆಸರಿಡುತ್ತೇನೆ, ಬರಬೇಕು ಅಂದ. ಹೋದೆ. ಎರಡು ಕವೆಗಂಬದ ಮೇಲೆ ಜಾಲಿಯ ತೊಲೆ, ತೊಲೆಗೆ ಹಳೆಯ ಸೀರೆಯ ಜೋಳಿಗೆ. ಬಳೆಯಿಲ್ಲ, ಬೋಲ್ಟಿಲ್ಲ. ನೆರೆದವರೆಲ್ಲ ಖಡಿ ಒಡೆಯುವವರೇ.

ತಾಯಪ್ಪ ತೊಲೆಯ ಕೆಳಗೆ ನಿಂತು ಬಲಗೈ ಎತ್ತಲು ನೋಡಿದ, ಅದು ಎದೆಗೇ ನಿಂತಿತು. ನನ್ನ ಕಡೆ ತಿರುಗಿದ.

"ನೀವ ಜೋತು ಬೀಳ್ರಿ ಸಾಹೇಬ್ರ. ಕೂಸು ಹಾಕೂಕಿಂತ ಮೊದಲ ಯಾರಾದ್ರೂ ತೂಗಬೇಕಲ್ಲ."

"ಸಾಹೇಬ್ರನ್ನ ಜೋತಾಡಸ್ತೀಯಲ್ಲ," ಹನುಮವ್ವ ಒಳಗಿನಿಂದ ಬೈದಳು.

"ಅವರು ಮುಟ್ಟಿದ್ರ ನಾವೇನೂ ತೊಳಿಯಂಗಿಲ್ಲೇಳು."

ನಾನು ಚಪ್ಪಲಿ ಬಿಟ್ಟು, ಎರಡೂ ಕೈಯಿಂದ ತೊಲೆ ಹಿಡಿದು ಕಾಲು ಎತ್ತಿದೆ. ಜಾಲಿ ಸ್ವಲ್ಪ ಬಾಗಿತು, ನಿಂತಿತು. ಎಲ್ಲರೂ ನಕ್ಕರು. ಹನುಮವ್ವ ಕೂಸನ್ನು ತಂದು ಜೋಳಿಗೆಯಲ್ಲಿ ಹಾಕಿ ತೂಗತೊಡಗಿದಳು. ನನಗರಿವಿಲ್ಲದೆಯೇ ನಾನು ಬಗ್ಗಿ, ಜೋಳಿಗೆಯ ಕೆಳಗೆ ಎರಡೂ ಕೈ ಚಾಚಿ ನಿಂತಿದ್ದೆ. ಜನ ಗುಗ್ಗರಿ ತಿಂದು ಹೋಗತೊಡಗಿದರೂ ಹಾಗೇ ನಿಂತಿದ್ದೆ.

ತಾಯಪ್ಪ ಎಡಗೈಯಿಂದ ನನ್ನ ಹೆಗಲು ಮುಟ್ಟಿದ.

"ಕೈ ತಗೀರಿ ಸಾಹೇಬ್ರ," ಅಂದ. "ಇದನ್ನ ಯಾರೂ ಶುದ್ಧ ಮಾಡಿಲ್ಲ. ಬೀಳಂಗಿಲ್ಲ."